ಅಪ್ಪಣೆ ಕೇಳಿ ತೆರೆದ ದಾರಿ

ಮರದ ಕಾಂಡದ ಮೇಲೆ ಎದೆಮಟ್ಟದಲ್ಲಿ ನೇರಳೆ ಬಣ್ಣದ ಒಂದು ಪಟ್ಟೆ, ಸುಮಾರು ಗೇಣುದ್ದ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇಯ್ನ್ ರಾಜ್ಯದಲ್ಲಿ ಇಂಥ ಪಟ್ಟೆ ಕಂಡರೆ, ಒಡೆಯರ ಅಪ್ಪಣೆಯಿಲ್ಲದೆ ಒಳಗೆ ಕಾಲಿಡಬಾರದು ಎಂದು ಅರ್ಥ. ಬೇಲಿ ಇಲ್ಲ, ಕಾವಲುಗಾರ ಇಲ್ಲ, ನಾಯಿ ಇದೆ ಎಂಬ ಎಚ್ಚರಿಕೆಯೂ ಇಲ್ಲ. ಪಟ್ಟೆಯಾಗಲಿ ಹಲಗೆಯಾಗಲಿ ಇಲ್ಲದ ಕಾಡಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು ಎಂಬುದು ಅಲ್ಲಿಯ ಹಳೆಯ ರೂಢಿ. ಆ ರಾಜ್ಯದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭೂಮಿ ಖಾಸಗಿಯವರದು. ಈ ರೂಢಿಯೊಂದು ಇಲ್ಲದೆ ಹೋದರೆ ಅಲ್ಲಿಯ ಜನ ರಸ್ತೆಯ ಮೇಲಷ್ಟೇ ಓಡಾಡಿಕೊಂಡಿರಬೇಕಾಗುತ್ತದೆ.

ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ನಾನು ಅಲ್ಲಿಗೆ ಹೋಗಿದ್ದು ಡಿಸೆಂಬರಿನಲ್ಲಿ. ಬ್ಯಾಂಗರ್ ಎಂಬ ಪಟ್ಟಣದಿಂದ ಉತ್ತರಕ್ಕೆ ಒಂದು ಪುಟ್ಟ ಊರು. ಬಾಣಂತಿಗೆ ಮೆಣಸಿನ ಸಾರು, ಮಗುವಿಗೆ ಎಣ್ಣೆ ನೀರು ಮುಗಿಸಿದರೆ ಮಿಕ್ಕ ಹೊತ್ತೆಲ್ಲ ಕಿಟಕಿಯೇ ಗತಿ. ಕಿಟಕಿಯಾಚೆ ಹಿಮ, ಹಿಮದಾಚೆ ಕಾಡು. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆ ಕತ್ತಲಲ್ಲಿ ಸಾಲಾಗಿ ದೀಪಗಳು ಗುಂಯ್‌ಗುಡುತ್ತ ಕಾಡಿನೊಳಗೆ ನುಗ್ಗಿ ಹೋಗುತ್ತಿದ್ದವು. ಅವೇ ಸ್ನೋಮೊಬೈಲುಗಳು. ನಮ್ಮ ಸ್ಕೂಟರಿನಂಥ ಸೀಟು, ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಯುದ್ಧದ ಟ್ಯಾಂಕಿಗೆ ಇರುವ ಹಾಗೆ ಸುತ್ತುವ ರಬ್ಬರಿನ ಪಟ್ಟಿ. ಶಬ್ದವಂತೂ ನಮ್ಮೂರಿನ ಹಿಟ್ಟಿನ ಗಿರಣಿಗೆ ಏನೂ ಕಡಿಮೆಯಿಲ್ಲ. ಮಗು ಬೆಚ್ಚಿ ಎದ್ದಾಗಲೆಲ್ಲ ನಾನು ಅವರಿಗೆ ಶಾಪ ಹಾಕುತ್ತಿದ್ದೆ.

“ಬೈಯಬೇಡಮ್ಮ, ಈ ಗಾಡಿ ಹುಟ್ಟಿದ್ದೂ ಒಂದು ಮಗುವಿನಿಂದಲೇ” ಎಂದು ಅಳಿಯ ಸಮಾಧಾನ ಹೇಳಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರಂತೆ. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯಲ್ಲಿ ಕರುಳಬಾಲ ಒಡೆಯಿತು. ಹಿಮದಲ್ಲಿ ದಾರಿಯೆಲ್ಲ ಮುಚ್ಚಿಹೋಗಿ ಆಸ್ಪತ್ರೆ ಮುಟ್ಟಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಗಾಡಿಯ ಪ್ರಯತ್ನ ಅವರು ಮೊದಲೇ ನಡೆಸಿದ್ದರು. ಆಮೇಲೆ ಅದನ್ನು ಬಿಡದೆ ಹಿಡಿದರು. 1937ರಲ್ಲಿ ಪೇಟೆಂಟ್ ಸಿಕ್ಕಿತು. ಒಬ್ಬಿಬ್ಬರು ಕೂರುವ ಸಣ್ಣ ಗಾಡಿ, ಸ್ಕಿ-ಡೂ, ಬಂದದ್ದು 1959ರಲ್ಲಿ. ಔಷಧಿಗೆಂದು ಹುಟ್ಟಿದ್ದು ಹೀಗೆ ಮೋಜಿಗೆ ಬಂತು. ಈ ಕಥೆ ಕೇಳಿದ ಮೇಲೆ ಶಾಪದ ಬಿಸಿ ಸ್ವಲ್ಪ ಇಳಿಯಿತು, ಶಬ್ದವೇನೂ ಇಳಿಯಲಿಲ್ಲ.

ಈ ಗಾಡಿಗಳಿಗೆ ಮೇಯ್ನ್‌ನಲ್ಲಿ ಸುಮಾರು 14,000 ಮೈಲಿ ಜಾಡುಗಳಿವೆ. ಅವುಗಳಲ್ಲಿ ಬಹುಪಾಲು ಹಾದುಹೋಗುವುದು ಖಾಸಗಿ ಜಮೀನಿನ ಮೇಲೆ. ಊರೂರಿನ ಕ್ಲಬ್ಬಿನವರು ಮನೆಮನೆಗೆ ಹೋಗಿ ಒಡೆಯರನ್ನು ಕೇಳಿ ದಾರಿ ಪಡೆಯುತ್ತಾರೆ, ಬಿದ್ದ ಮರ ತೆಗೆಯುತ್ತಾರೆ, ಹಳ್ಳಕ್ಕೆ ಮರದ ಸೇತುವೆ ಹಾಕುತ್ತಾರೆ, ರಾತ್ರಿ ಯಂತ್ರ ಓಡಿಸಿ ಹಿಮವನ್ನು ಸಮಮಾಡುತ್ತಾರೆ. ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ಒಡೆಯರಿಗೂ ಬಾಡಿಗೆ ಇಲ್ಲ. ಆದರೆ ಕಾನೂನಿನ ಒಂದು ಆಸರೆ ಇದೆ: ಬಿಟ್ಟಿಯಾಗಿ ತೆರೆದಿಟ್ಟ ಜಮೀನಿನಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಸಾಮಾನ್ಯವಾಗಿ ಒಡೆಯರ ಮೇಲೆ ಹೊಣೆ ಬರುವುದಿಲ್ಲ. ಬಂಡಿಜಾಡಿನ ವ್ಯಾಜ್ಯಕ್ಕೆ ಎರಡು ತಲೆಮಾರು ಕೋರ್ಟಿಗೆ ಅಲೆದವರನ್ನು ನೋಡಿ ಬೆಳೆದ ನನಗೆ, ಬಾಯಿಮಾತಿನ ಮೇಲೆ ಇಷ್ಟು ದೂರ ದಾರಿ ಸಾಗುತ್ತದೆ ಎಂದರೆ ನಂಬುವುದೇ ಕಷ್ಟವಾಯಿತು.

ಮಗಳ ಮನೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ವಿಧವೆ ಇದ್ದರು. ಮಗಳು ಆಕೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನನಗೆ ನಾಲಿಗೆ ಏಳಲಿಲ್ಲ, ನಾನು ‘ಮೇಡಂ’ ಎಂದೇ ಕರೆದೆ. ಅವರದು ಗಂಡನ ಕಾಲದಿಂದ ಬಂದ ಅರವತ್ತು ಎಕರೆ ಕಾಡು. ಗಂಡ ಹೋಗುವ ಮುನ್ನ ಇಬ್ಬರೂ ಸೇರಿ ಅದನ್ನು ಒಂದು ಭೂಸಂರಕ್ಷಣಾ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡಿದ್ದರು. ಕಾಡನ್ನು ದಾನ ಕೊಟ್ಟಿದ್ದಾರೆ ಎಂದೇ ಊರಿನ ಎಷ್ಟೋ ಜನರ ತಿಳಿವಳಿಕೆ. ವಿಷಯ ಹಾಗಲ್ಲ. ಜಮೀನು ಅವರದೇ, ತೆರಿಗೆ ಕಟ್ಟುವವರೂ ಅವರೇ, ಕರಾರಿನ ಮಿತಿಯಲ್ಲಿ ಮರ ಕಡಿದು ಮಾರಲೂಬಹುದು. ಸೈಟು ಮಾಡಿ ಮನೆ ಕಟ್ಟಿಸುವ ಹಕ್ಕೊಂದನ್ನು ಮಾತ್ರ ಎಂದೆಂದಿಗೂ ಬಿಟ್ಟುಕೊಟ್ಟಿದ್ದಾರೆ. ಮುಂದೆ ಕೊಂಡವರಿಗೂ ಆ ಕಟ್ಟು ತಪ್ಪಿದ್ದಲ್ಲ. ಇಂಥ ಕರಾರು ಇದ್ದ ಮಾತ್ರಕ್ಕೆ ಜಮೀನು ಊರಿನ ಪಾರ್ಕಾಗುವುದಿಲ್ಲ. ಯಾರನ್ನು ಒಳಗೆ ಬಿಡಬೇಕು ಎನ್ನುವುದನ್ನು ಕರಾರಿನಲ್ಲೇ ಬರೆದಿರಬಹುದು, ಇಲ್ಲವೇ ಒಡೆಯರಿಗೇ ಬಿಟ್ಟಿರಬಹುದು. ಇವರದರಲ್ಲಿ ಒಡೆಯರಿಗೇ ಬಿಟ್ಟಿತ್ತು.

ಆ ಜನವರಿಯಲ್ಲಿ ಯಾರೋ ಜಾಡು ಬಿಟ್ಟು ಅವರ ಎಳೆಯ ಸ್ಪ್ರೂಸ್ ಗಿಡಗಳ ಮೇಲೆ ಗಾಡಿ ಓಡಿಸಿದ್ದರು. ಹಿಮದಲ್ಲಿ ಹುದುಗಿದ ಗಿಡದ ತುದಿ ಮುರಿದರೆ ಅದರ ನೇರ ಬೆಳವಣಿಗೆಯೇ ಹಾಳು. ಅದಕ್ಕಿಂತಲೂ ಅವರಿಗೆ ನೋವಾದದ್ದು ಜಿಂಕೆಗಳ ವಿಷಯದಲ್ಲಿ. ಕಡುಚಳಿಯಲ್ಲಿ ಜಿಂಕೆಗಳು ದಟ್ಟವಾದ ಹೆಮ್ಲಾಕ್, ಸೀಡರ್ ಮರಗಳ ಅಡಿಯಲ್ಲಿ ಗುಂಪಾಗಿ ಸೇರುತ್ತವೆ. ಮೇವು ಕಡಿಮೆ. ಮೈಯ ಕೊಬ್ಬು ಕರಗಿಸಿಕೊಂಡೇ ವಸಂತದವರೆಗೆ ಜೀವ ಹಿಡಿಯಬೇಕು. ಬೆದರಿಸಿ ಆಳವಾದ ಹಿಮದಲ್ಲಿ ಓಡಿಸಿದರೆ ಆ ಕೂಡಿಟ್ಟ ಗಂಟು ಬೇಗ ಖರ್ಚಾಗುತ್ತದೆ. ಗಾಡಿಯ ಗುರುತು ಆ ಮರಗಳ ನಡುವೆಯೇ ಹಾದುಹೋಗಿತ್ತು.

“ಮುಂದಿನ ವರ್ಷ ಮುಚ್ಚಿಬಿಡುತ್ತೇನೆ. ನೇರಳೆ ಬಣ್ಣ ತಂದಿಟ್ಟಿದ್ದೇನೆ” ಎಂದರು, ನಮ್ಮಲ್ಲಿ ಚಹಾ ಕುಡಿಯುತ್ತ. ನನಗೆ ಸರಿಯೆನಿಸಿತು. ಅವರ ಕಾಡು, ಅವರ ಗಿಡ. ಆದರೆ ಅಳಿಯ ನಕ್ಷೆ ಬಿಡಿಸಿ ತೋರಿಸಿದಾಗ ವಿಷಯದ ಇನ್ನೊಂದು ಮಗ್ಗುಲು ಕಂಡಿತು. ಅವರ ಜಮೀನಿನಲ್ಲಿ ಇದ್ದದ್ದು ಅರ್ಧ ಮೈಲಿ ಜಾಡಷ್ಟೇ. ಒಂದು ಕಡೆ ಕೆರೆ, ಇನ್ನೊಂದು ಕಡೆ ಹೆದ್ದಾರಿ. ಆ ಅರ್ಧ ಮೈಲಿ ಕಡಿದರೆ ಎರಡು ಊರುಗಳ ನಡುವಿನ ದಾರಿಯೇ ಕಡಿದಂತೆ. ನಮ್ಮ ಬೀದಿಯ ಕೊನೆಯ ಹೋಟೆಲನ್ನು ನಡೆಸುತ್ತಿದ್ದದ್ದು ತಾಯಿ ಮಗಳು ಇಬ್ಬರೇ. ಚಳಿಗಾಲದಲ್ಲಿ ಅವರ ಗಿರಾಕಿಗಳೆಂದರೆ ಈ ಗಾಡಿಯವರು. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದದ್ದು ಇದ್ದೂ ಏನು ಪ್ರಯೋಜನ?

ಇದೇ ಜಗಳ ಆ ರಾಜ್ಯದಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಒಮ್ಮೆ ನಡೆದಿದೆ. ಅದರ ಕೇಂದ್ರದಲ್ಲಿದ್ದವರೂ ಒಬ್ಬ ಹೆಂಗಸು, ರೊಕ್ಸಾನ್ ಕ್ವಿಂಬಿ. 1984ರಲ್ಲಿ ಜೇನು ಸಾಕುತ್ತಿದ್ದ ಬರ್ಟ್ ಶಾವಿಟ್ಜ್ ಎಂಬವರ ಜೊತೆ ಸೇರಿ ಜೇನುಮೇಣದ ಮೇಣಬತ್ತಿ ಮಾಡಿ ಮಾರಲು ಶುರುಮಾಡಿದರು. ಅದೇ ಮುಂದೆ ಬರ್ಟ್ಸ್ ಬೀಸ್ ಎಂಬ ಕಂಪನಿಯಾಯಿತು. ತುಟಿಗೆ ಹಚ್ಚುವ ಅದರ ಮುಲಾಮನ್ನು ಅಮೆರಿಕದಿಂದ ಬಂದವರು ನಿಮಗೂ ತಂದುಕೊಟ್ಟಿರಬಹುದು. ಆ ದುಡ್ಡಿನಲ್ಲಿ ಕ್ವಿಂಬಿ ಉತ್ತರ ಮೇಯ್ನ್‌ನಲ್ಲಿ ಸಾವಿರಾರು ಎಕರೆ ಕಾಡು ಕೊಂಡರು. ಕಟಾದಿನ್ ಬೆಟ್ಟದ ಪೂರ್ವಕ್ಕೆ ಒಂದು ರಾಷ್ಟ್ರೀಯ ಉದ್ಯಾನವಾಗಬೇಕು ಎಂಬುದು ಅವರ ಕನಸು. ಕೊಂಡ ಕಾಡಿನಲ್ಲಿ ಬೇಟೆ, ಸ್ನೋಮೊಬೈಲ್ ಎರಡನ್ನೂ ಬಹುಮಟ್ಟಿಗೆ ನಿಲ್ಲಿಸಿದರು. ಅಲ್ಲಿಯ ಜನ ಸಿಡಿದೆದ್ದರು. ಅವರನ್ನು ಬಹಿಷ್ಕರಿಸಿ ಎಂಬ ಸ್ಟಿಕ್ಕರುಗಳು ಕಾರುಗಳ ಹಿಂದೆ ಅಂಟಿಕೊಂಡವು. ಆ ಸೀಮೆಯ ಮಿಲಿನೋಕೆಟ್‌ನಲ್ಲಿ ಕಾಗದದ ಕಾರ್ಖಾನೆ 2008ರಲ್ಲಿ ಮುಚ್ಚಿತು, ಪಕ್ಕದ ಈಸ್ಟ್ ಮಿಲಿನೋಕೆಟ್‌ನದು 2014ರಲ್ಲಿ. ಕೆಲಸ ಕಳೆದುಕೊಂಡವರಿಗೆ ಅಜ್ಜನ ಕಾಲದಿಂದ ಓಡಾಡಿದ ಕಾಡೂ ಕೈತಪ್ಪಿತು ಎಂದರೆ ಹೇಗಾಗಬೇಡ! ಕ್ವಿಂಬಿಯವರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನವರ ಸಿಟ್ಟನ್ನು ಬರೀ ಮೋಜುಗಾರರ ಹಟ ಎಂದು ತಳ್ಳಿಹಾಕಲೂ ನನ್ನಿಂದಾಗದು.

ಆಮೇಲೆ ಮಾತುಕತೆಗೆ ಮುಂದೆ ಬಂದವರು ಅವರ ಮಗ ಲೂಕಸ್ ಸೇಂಟ್ ಕ್ಲೇರ್. ಮನೆಮನೆಗೆ ಹೋಗಿ ಕೂತು ಕೇಳಿಸಿಕೊಂಡರಂತೆ. ಒಂದಷ್ಟು ಭಾಗದಲ್ಲಿ ಬೇಟೆಗೂ ಸ್ನೋಮೊಬೈಲಿಗೂ ಮತ್ತೆ ದಾರಿ ಬಿಟ್ಟರು. ಕೊನೆಗೆ ಸುಮಾರು 87,500 ಎಕರೆಯನ್ನು ದೇಶಕ್ಕೆ ದಾನ ಕೊಟ್ಟರು. 2016ರ ಆಗಸ್ಟ್ 24ರಂದು ಅಧ್ಯಕ್ಷ ಒಬಾಮಾ ಅದನ್ನು ಕಟಾದಿನ್ ವುಡ್ಸ್ ಅಂಡ್ ವಾಟರ್ಸ್ ಎಂಬ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಹೆಸರು ಸ್ಮಾರಕವಾದರೂ ಅದು ಕಾಡೇ. ಗೊತ್ತುಮಾಡಿದ ಕೆಲವು ಜಾಡುಗಳಲ್ಲಿ ಈಗಲೂ ಅಲ್ಲಿ ಸ್ನೋಮೊಬೈಲ್ ಓಡುತ್ತದೆ.

ನಮ್ಮ ಪಕ್ಕದ ಮನೆಯ ಮೇಡಂ ಬಳಿಗೆ ಫೆಬ್ರವರಿಯ ಒಂದು ಭಾನುವಾರ ಕ್ಲಬ್ಬಿನ ಇಬ್ಬರು ಬಂದರು. ಒಬ್ಬ ಮುದುಕರು, ಒಬ್ಬ ಹುಡುಗ. ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಗಿಡ ತುಳಿದವನು ಇವನೇ ಇರಬೇಕು ಎಂದು ನಮ್ಮ ಕಿಟಕಿಯಿಂದಲೇ ನಾನು ತೀರ್ಮಾನಿಸಿದೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳಿಗೆ ಅಷ್ಟು ತಿಳಿಯದೆ? ಒಂದು ಗಂಟೆ ಕೂತರು. ಆಮೇಲೆ ಮೂವರೂ ಹಿಮಬೂಟು ಹಾಕಿಕೊಂಡು ಕಾಡಿಗೆ ಹೋದರು. ಕತ್ತಲಾಗುವ ಹೊತ್ತಿಗೆ ಮರಳಿದರು.

ಮಾರನೆಯ ದಿನ ಮೇಡಂ ಬಂದು ಹೇಳಿದರು. ಜಾಡನ್ನು ಜಿಂಕೆಗಳ ಮರಗಳಿಂದ ದೂರ, ಹಳೆಯ ಕಲ್ಲಿನ ಗೋಡೆಯ ಪಕ್ಕಕ್ಕೆ ಸರಿಸಬೇಕು. ರಾತ್ರಿ ಹತ್ತರ ಮೇಲೆ ಓಡಿಸುವಂತಿಲ್ಲ. ಅಪ್ಪಣೆ ಒಂದು ವರ್ಷಕ್ಕೆ ಮಾತ್ರ, ಪ್ರತಿ ಅಕ್ಟೋಬರಿನಲ್ಲಿ ಬಂದು ಕೇಳಬೇಕು. ಹಿಮವಿಲ್ಲದ ಕಾಲದಲ್ಲಿ ನೆಲ ಕೀಳುವ ನಾಲ್ಕು ಚಕ್ರದ ಗಾಡಿಗಳಿಗೆ ಮೊದಲಿನಿಂದಲೂ ಪ್ರವೇಶವಿಲ್ಲ, ಮುಂದೆಯೂ ಇಲ್ಲ. ಮುರಿದ ಗಿಡಗಳ ಜಾಗಕ್ಕೆ ಹುಡುಗ ಮೇ ತಿಂಗಳಲ್ಲಿ ಹೊಸ ಸಸಿ ನೆಡುತ್ತಾನೆ.

“ಸದಾಕಾಲಕ್ಕೆ ಎಂದು ಬರೆದುಕೊಟ್ಟರೆ ಪ್ರತಿ ವರ್ಷದ ತಾಪತ್ರಯ ತಪ್ಪುತ್ತಿತ್ತಲ್ಲ?” ಎಂದೆ ನಾನು.

“ಆಗ ಅವರು ಕೇಳಲು ಬರುವುದನ್ನೇ ನಿಲ್ಲಿಸುತ್ತಾರೆ” ಎಂದರು ಅವರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮತ್ತೊಂದು ಲೋಟ ಚಹಾ ಕೇಳಿದರು. ಶುಂಠಿ ಜಾಸ್ತಿ ಹಾಕಿ ಎಂದು ಬೇರೆ!

ಮಾರ್ಚ್ ಕೊನೆಯಲ್ಲಿ ನಾನು ಹೊರಟುಬಂದೆ. ಅಕ್ಟೋಬರಿನಲ್ಲಿ ಕ್ಲಬ್ಬಿನವರು ಬಂದರಂತೆ, ಮೇಡಂ ಸಹಿ ಮಾಡಿದರಂತೆ. ನೇರಳೆ ಬಣ್ಣದ ಡಬ್ಬಿ ಮುಚ್ಚಳ ತೆರೆಯದೆ ಅವರ ಕೊಟ್ಟಿಗೆಯಲ್ಲೇ ಇದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಆ ಸಲ ಹಿಮ ಬೀಳುವುದು ತಡವಾಗಿ ಜಾಡು ತೆರೆದದ್ದು ಜನವರಿ ಕೊನೆಗೆ. ಅಷ್ಟರಲ್ಲಿ ಮೊಮ್ಮಗ ಗೋಡೆ ಹಿಡಿದು ನಿಲ್ಲುತ್ತಿದ್ದನಂತೆ, ಗಾಡಿಯ ಶಬ್ದ ಕೇಳಿದರೆ ಈಗ ಅಳುವುದಿಲ್ಲವಂತೆ, ಕಿಟಕಿಗೆ ಓಡಿಹೋಗಬೇಕೆಂದು ಹಟ ಮಾಡುತ್ತಾನಂತೆ.