ಪಟ್ಟಿ ಯಾವ ಕಡೆ?

ಅಪ್ಪನ ಹಳೇ ರೇಡಿಯೋ ಕರೆಂಟಿಗೆ ಹಾಕಿದರೆ ಗುಂಯ್ ಅಂತಿತ್ತು, ಸೆಲ್ ಹಾಕಿದರೆ ಚೆನ್ನಾಗಿ ಹಾಡ್ತಿತ್ತು. ಅಂದ್ರೆ ಫಿಲ್ಟರ್ ಕೆಪಾಸಿಟರ್ ಒಣಗಿರಬೇಕು. ಇಷ್ಟು ಪತ್ತೆ ಹಚ್ಚಿದ್ದಕ್ಕೇ ನನಗೆ ಭಾರೀ ಹೆಮ್ಮೆ. ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡು ಜಾವಾ. ಸೋಲ್ಡರಿಂಗ್ ಐರನ್ ಮುಟ್ಟಿ ಆರು ವರ್ಷ ಆಗಿತ್ತು :)

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 1000 ಮೈಕ್ರೋಫ್ಯಾರಡ್, 25 ವೋಲ್ಟಿನದ್ದು ಒಂದು ಕೊಂಡು, ದೀಪಾವಳಿಗೆ ಊರಿಗೆ ಹೋದಾಗ ಬಿಚ್ಚಿಕೊಂಡು ಕೂತೆ. ಬೋರ್ಡಿನ ಮೇಲೆ ಒಂದು ತೂತಿನ ಪಕ್ಕ '+' ಅಂತ ಅಚ್ಚಾಗಿತ್ತು. ಕೆಪಾಸಿಟರಿನ ಒಂದು ಪಕ್ಕ ಬಿಳೀ ಪಟ್ಟಿ. ಗುರುತಿಗೆ ಗುರುತು ಸೇರಿಸಿ ಬೆಸುಗೆ ಹಾಕಿಬಿಟ್ಟೆ. ಅಲ್ಲೇ ಎಡವಿದ್ದು! ಈ ಜಾತಿಯ ಕೆಪಾಸಿಟರಿನಲ್ಲಿ ಪಟ್ಟಿ ಇರೋದು ಮೈನಸ್ ಕಡೆಗೆ.

ರೆಸಿಸ್ಟರಿಗೂ ಪಟ್ಟಿಗಳಿರ್ತವೆ, ಆದರೆ ಅವು ಬೆಲೆ ಹೇಳೋಕೆ. ಅದನ್ನ ಯಾವ ಕಡೆ ತಿರುಗಿಸಿದರೂ ಒಂದೇ. ಡಯೋಡಿನ ಪಟ್ಟಿ ಕ್ಯಾಥೋಡ್, ತಿರುಗಿಸಿದರೆ ಕರೆಂಟು ದಾಟೋದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾತ್ರ ತಿರುಗಿಸಿದರೆ ಸುಮ್ಮನಿರೋ ಪೈಕಿ ಅಲ್ಲ. ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗಿನ ಆಕ್ಸೈಡ್ ಪದರ ಇರತ್ತೆ, ಕರೆಂಟನ್ನ ತಡೆಯೋದು ಅದೇ. ಉಲ್ಟಾ ವೋಲ್ಟೇಜ್ ಕೊಟ್ಟರೆ ಆ ತಡೆ ಮುರಿಯತ್ತೆ, ಒಳಗೆ ಕಾದು ಗ್ಯಾಸ್ ಹುಟ್ಟತ್ತೆ. ಡಬ್ಬಿಯ ತಲೆ ಮೇಲೆ ಕೊರೆದ ಗೆರೆಗಳಿರೋದು ಅಲ್ಲೇ ಬಿರಿಯಲಿ ಅಂತ. ಇದೆಲ್ಲ ಪರೀಕ್ಷೇಲಿ ಬರೆದು ಪಾಸಾದವನು ನಾನು!

ಸ್ವಿಚ್ ಹಾಕಿದೆ. ಸದ್ದೇ ಇಲ್ಲ. ಅಪ್ಪ ತೆರೆದ ರೇಡಿಯೋ ಮೇಲೆ ಬಗ್ಗಿ ಕಿವಿ ಕೊಟ್ಟರು. ಅಷ್ಟರಲ್ಲಿ ಅಮ್ಮ ಒಳಗಿನಿಂದ "ಕಾಫಿ ಆರ್ತಾ ಇದೆ" ಅಂತ ಎರಡನೇ ಸಲ ಕೂಗಿದಳು. ಅವರು ಎದ್ದು ನಾಲ್ಕು ಹೆಜ್ಜೆ ಇಟ್ಟಿರಬಹುದು..

ಠಪ್!

ಡಬ್ಬಿ ಹಾರಿ ಮಾಡಿನ ಹಂಚಿಗೆ ಬಡಿದು ಬಿತ್ತು. ಕೋಣೆ ತುಂಬ ಕಮಟು ಹೊಗೆ. ನನ್ನ ಕೈ ನಡುಗೋದು ನಿಲ್ಲಲೇ ಇಲ್ಲ. ಅಪ್ಪ ಬೈದರೂ ಸಮಾಧಾನ ಆಗ್ತಿತ್ತೇನೋ. ಅವರು ಕೇಳಿದ್ದು ಇಷ್ಟೇ: "ಸೆಲ್ ಹಾಕೋವಾಗ ಪ್ಲಸ್ಸು ಮೈನಸ್ಸು ನೋಡ್ತೀವಲ್ಲ, ಇದಕ್ಕೆ ಬೇಡ್ವಾ?"

ಸಂಕ್ರಾಂತಿಗೆ ಹೊಸದು ತಂದು ಸರಿಯಾಗಿ ಹಾಕಿದೆ, ರೇಡಿಯೋ ಹಾಡ್ತು. ಜೊತೆಗೆ ಬಣ್ಣಗೆಟ್ಟ ಒಂದು ರೆಸಿಸ್ಟರನ್ನೂ ಬದಲಾಯಿಸ್ತಿದ್ದಾಗ ಅಪ್ಪ ಬಾಗಿಲ ಹತ್ತಿರವೇ ನಿಂತು ಕೇಳಿದರು, "ಇದು ಯಾವ ಕಡೆ?"

"ಇದನ್ನ ಯಾವ ಕಡೆ ಹಾಕಿದ್ರೂ ನಡೆಯತ್ತಪ್ಪ."

"ಹ್ಞೂಂ.." ಅಂದರು. ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.