ಕೆಂಚನ ತುಪ್ಪಟ

ಹೈದರಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ನಾನಿಲ್ಲಿ ಏನು ಮಾಡುತ್ತೇನೆಂದು ತೀರ್ಥಹಳ್ಳಿ ಕಡೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಸಾಫ್ಟ್‌ವೇರಾ?" ಅಂತಾರೆ. ಹೂಂ ಅಂದರೆ ಮಾತು ಮುಗಿಯಿತು. ಒಮ್ಮೆ ಅಮ್ಮನಿಗೆ ಬಿಡಿಸಿ ಹೇಳಿದೆ: ಸಿನಿಮಾಕ್ಕೆ, ಜಾಹೀರಾತಿಗೆ ಬೇಕಾದ ನಾಯಿ-ಬೆಕ್ಕುಗಳನ್ನು ಈಗ ಕಂಪ್ಯೂಟರಿನಲ್ಲೇ ಮಾಡುತ್ತಾರೆ, ಅವುಗಳ ಮೈಮೇಲೆ ಕೂದಲು ಬೆಳೆಸಿ ಬಾಚುವವನು ನಾನು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಸಂಬಳ ಕೊಡ್ತಾರಾ ಮಾರಾಯ?" ಅಂದಳು.

ಕೊಡ್ತಾರೆ. ಕೆಲವು ಸಲ ತಡವಾಗಿ.

ಈ ಕಸುಬಿಗೆ ಇಲ್ಲೊಂದು ಹಳೆಯ ಕಥೆಯಿದೆ. ಪ್ರಾಣಿಗಳಿಗೇ ಹೆಸರಾದ ಲಾಸ್ ಏಂಜಲೀಸಿನ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೋಕ್ಕೆ ಹೈದರಾಬಾದಿನಲ್ಲೂ ಶಾಖೆಯಿತ್ತು. 2012ರ 'ಲೈಫ್ ಆಫ್ ಪೈ' ಚಿತ್ರದ ಹುಲಿಗೆ ಇಲ್ಲಿನವರೂ ಕೈ ಹಚ್ಚಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು 24ಕ್ಕೆ ಹುಲಿಗೆ ಆಸ್ಕರ್! ವೇದಿಕೆಯ ಮೇಲೆ ಬಿಲ್ ವೆಸ್ಟನ್‌ಹೋಫರ್ ಕಂಪನಿಯ ಕಷ್ಟ ಎತ್ತುತ್ತಿದ್ದಂತೆ ವಾದ್ಯದವರು 'ಜಾಸ್' ಸಿನಿಮಾದ ಶಾರ್ಕ್ ಸಂಗೀತ ಬಾರಿಸಿ ಮಾತು ಮುಚ್ಚಿಸಿದರು. ನಾನು ಬರುವ ಹೊತ್ತಿಗೆ ಇದು ಟೀ ಅಂಗಡಿಯಲ್ಲಿ ಹಳಬರು ಹೇಳುವ ಕಥೆಯಾಗಿತ್ತು. ಕೇಳಿದ ಹೊಸಬರು ಮಾತ್ರ ನಗುತ್ತಿದ್ದೆವು.

ಕೆಲಸ ಹೀಗೆ. ಮೊದಲು ಬೋಳು ನಾಯಿ ಬರುತ್ತದೆ, ನೋಡಲಾಗದು. ಅದರ ಮೈಮೇಲೆ ಕೆಲವು ನೂರು ದಾರಿತೋರುವ ಎಳೆಗಳನ್ನು ನೆಟ್ಟು, ಯಾವ ಕಡೆ ವಾಲಬೇಕೆಂದು ಬಾಚುತ್ತೇನೆ. ಉಳಿದ ಲಕ್ಷಾಂತರ ಎಳೆಗಳನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಒಳಗೆ ಮೆತ್ತನೆ ತುಪ್ಪಟ, ಮೇಲೆ ಒರಟು ಕೂದಲು. ಎದೆಯ ಹತ್ತಿರ ಎರಡು ಕಡೆಯ ಕೂದಲು ಸೇರುವಲ್ಲಿ ಸುಳಿ. ಸಂತೆಯಲ್ಲಿ ಎತ್ತಿನ ಸುಳಿ ನೋಡದೆ ಅಜ್ಜ ದುಡ್ಡು ಬಿಚ್ಚುತ್ತಿರಲಿಲ್ಲ. ಸುಳಿ ತಪ್ಪಿದರೆ ನಮ್ಮ ಸೂಪರ್‌ವೈಸರೂ ಒಪ್ಪುವುದಿಲ್ಲ. ಇನ್ನು ಬೆಳಕು. ಮನುಷ್ಯರ ಕೂದಲಿನ ಲೆಕ್ಕವನ್ನು ನಾಯಿಗೆ ಹಾಕಿದರೆ ನೈಲಾನಿನ ಹಾಗೆ ಮಿಂಚುತ್ತದೆ. ಪ್ರಾಣಿಯ ರೋಮದೊಳಗಿನ ತಿರುಳು ದಪ್ಪ, ಬೆಳಕು ಅಲ್ಲಿ ಚದುರಿ ಮೃದುವಾಗಿ ಹೊರಬರುತ್ತದೆ. 2015ರಲ್ಲಿ ಸಂಶೋಧಕರು ಆ ತಿರುಳನ್ನೂ ಲೆಕ್ಕಕ್ಕೆ ಸೇರಿಸಿ ತೋರಿಸಿದರು.

ಒಂದು ಸಿನಿಮಾಕ್ಕೆ ಊರನಾಯಿ ಬೇಕಾಯಿತು. ನಮ್ಮಲ್ಲಿ ಸಿದ್ಧವಾಗಿದ್ದವೆಲ್ಲ ಉದ್ದ ಕೂದಲಿನ ವಿದೇಶಿ ತಳಿಗಳು. ಗಿಡ್ಡ ಕೂದಲು ಸುಲಭ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಏನನ್ನೂ ಮುಚ್ಚುವುದಿಲ್ಲ, ಪಕ್ಕೆಲುಬು, ಗಾಯದ ಕಲೆ, ಎಲ್ಲ ಕಾಣಬೇಕು. ನನಗೆ ನಮ್ಮ ಮನೆಯ ಕೆಂಚ ನೆನಪಾದ. ತಂಗಿಗೆ ಹೇಳಿ ಅವನ ಕಿವಿಯೊಳಗು, ಕಂಕುಳು, ಬಾಲದ ಬುಡ ಎಲ್ಲದರ ಫೋಟೋ ತರಿಸಿದೆ. ಅಮ್ಮ ಮಾತ್ರ ಜಗಲಿ ಗುಡಿಸುವಾಗ ಸಿಕ್ಕ ಅವನ ಕೂದಲನ್ನು ಲಕೋಟೆಗೆ ಹಾಕಿ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಕಳಿಸಿದಳು. ಲೆನ್ಸಿನಲ್ಲಿ ಹಿಡಿದು ನೋಡಿದರೆ ಒಂದೊಂದು ಎಳೆಯೂ ಬುಡದಲ್ಲಿ ಬಿಳಿಚು, ನಡುವೆ ಕೆಂಪು, ತುದಿಯಲ್ಲಿ ಕಪ್ಪು. ಹದಿಮೂರು ವರ್ಷ ಅವನನ್ನು ಬರೀ ಕೆಂಪು ನಾಯಿ ಅಂತಲೇ ಕರೆದಿದ್ದೆವು.

ಕೆಲಸ ಮುಗಿಯುವ ಮೊದಲೇ, ಆಷಾಢದಲ್ಲಿ ಕೆಂಚ ಸತ್ತ. ಆ ವಾರ ಶಾಟ್‌ಗಳನ್ನು ಒಪ್ಪಿಸಬೇಕಿತ್ತು, ರಜೆ ಸಿಗಲಿಲ್ಲ. ತಂಗಿ ಫೋನಿನಲ್ಲಿ ಅಳುತ್ತಿದ್ದಳು; ನನ್ನ ಎದುರಿನ ತೆರೆಯ ಮೇಲೆ ಅವನು ನಿಧಾನವಾಗಿ ತಿರುಗುತ್ತಿದ್ದ.

"ಕಂಪ್ಯೂಟರಲ್ಲಿ ಕೆಂಚ ಇದಾನಂತಲ್ಲ, ತೋರ್ಸೋ" ಅಂತ ಅಮ್ಮ ಎಷ್ಟೋ ಸಲ ಕೇಳಿದಳು. ತೋರಿಸುವಂತಿರಲಿಲ್ಲ. ಮಾಡಿದ್ದು ನಾವಾದರೂ ನಾಯಿ ಗಿರಾಕಿಯದು, ಬಿಡುಗಡೆಯ ತನಕ ಒಂದು ಫೋಟೋವೂ ಹೊರಗೆ ಹೋಗಬಾರದೆಂದು ಸಹಿ ಹಾಕಿಸಿಕೊಂಡಿದ್ದರು. ಕೊನೆಗೆ ಚಿತ್ರ ಬಂತು. ತಂಗಿ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ರಾತ್ರಿ ಫೋನು.

"ಕಿವಿ ಅವಂದೇ ಕಣೋ. ಆದ್ರೆ ಅಷ್ಟು ಮಳೇಲಿ ನೆಂದ್ಕಂಡು ಬಂದವ್ನು ಮೈನೇ ಕೊಡವ್ಲಿಲ್ವಲ್ಲ?"

ಕೊಡವಿದ್ದ. ಒದ್ದೆ ಕೂದಲು ಜಡೆಜಡೆಯಾಗಿ ಅಂಟಿಕೊಳ್ಳಬೇಕು, ಪ್ರತಿ ಹನಿಗೂ ಬೇರೆ ಲೆಕ್ಕ. ನಮ್ಮ ಕೆಲಸದಲ್ಲಿ ಇದಕ್ಕಿಂತ ದುಬಾರಿಯದು ಕಡಿಮೆ. ಮೂರು ವಾರ ಕೂತು ಅರ್ಧ ಮಾಡಿದ್ದೆವು. ಖರ್ಚು ಜಾಸ್ತಿಯಾಯಿತೆಂದು ಆ ಶಾಟ್ ತೆಗೆದರು ಅಂತ ಹೇಳಿದೆ.

"ಯಾರು ತೆಗ್ಸಿದ್ದು?" ಅಂತ ಅಮ್ಮ ಕೇಳಿದಳು.