ನಮ್ಮ ರಕ್ತ ಬೇಕು, ನಮ್ಮ ಮಾತು ಬೇಡ್ವಾ?



ಎಚ್‌ಐವಿ ಸಂಶೋಧನೆಯಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆ ಅಂತಾರಲ್ಲ, ಹಾಗಂದ್ರೆ ಏನು? ರಕ್ತ ಕೊಡೋದು, ಕೇಳಿದ್ದಕ್ಕೆ ಉತ್ತರ ಹೇಳೋದು, ಹೆಬ್ಬೆಟ್ಟು ಒತ್ತೋದು, ಇಷ್ಟೇನಾ? ಏನನ್ನ ಕೇಳಬೇಕು ಅಂತ ತೀರ್ಮಾನ ಆಗೋ ಸಭೆಯಲ್ಲಿ ನಮಗೆ ಜಾಗ ಯಾವಾಗ?

1919ರಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿ ಮುಂದೆ ವಾದಿಸಿದ್ದು ಇದನ್ನೇ. ಅಸ್ಪೃಶ್ಯರನ್ನ ಅಸ್ಪೃಶ್ಯರೇ ಪ್ರತಿನಿಧಿಸಬೇಕು. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಇದ್ದವರೂ ಅದೇ ಹಾದಿಗೆ ಬಂದ್ರು. ನಮ್ಮನ್ನ ಬಲಿಪಶು ಅನ್ನಬೇಡಿ, ನಮ್ಮ ಬಗ್ಗೆ ತೀರ್ಮಾನ ಆಗೋ ಎಲ್ಲ ಹಂತದಲ್ಲೂ ನಾವಿರಬೇಕು ಅಂದ್ರು. 1994ರಲ್ಲಿ ಪ್ಯಾರಿಸ್‌ನಲ್ಲಿ 42 ದೇಶಗಳು ಈ ತತ್ವವನ್ನ ಒಪ್ಪಿ ಸಹಿ ಹಾಕಿದವು.

ಒಪ್ಪಿದ್ದು ಕಾಗದದಲ್ಲಿ. 2004ರಲ್ಲಿ ಕಾಂಬೋಡಿಯಾದಲ್ಲಿ ಎಚ್‌ಐವಿ ತಡೆಯೋ ಟೆನೊಫೊವಿರ್ ಮಾತ್ರೆಯನ್ನ ಲೈಂಗಿಕ ಕಾರ್ಮಿಕರ ಮೇಲೆ ಪರೀಕ್ಷೆ ಮಾಡೋಕೆ ಹೊರಟರು. ಆ ಹೆಣ್ಮಕ್ಕಳು ಕೇಳಿದ್ದು ಸರಳ ಪ್ರಶ್ನೆ: ಅಡ್ಡಪರಿಣಾಮ ಆದ್ರೆ ನಮ್ಮನ್ನ ನೋಡ್ಕೊಳ್ಳೋರು ಯಾರು? ಸಮಾಧಾನದ ಉತ್ತರ ಸಿಗಲಿಲ್ಲ, ಪ್ರತಿಭಟನೆ ಆಯ್ತು, ಆಗಸ್ಟ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ನಿಲ್ಲಿಸ್ತು. ಮೊದಲೇ ಜೊತೆಗೆ ಕೂತು ಮಾತಾಡಿದ್ರೆ ವಿಜ್ಞಾನಕ್ಕೂ ನಷ್ಟ ಆಗ್ತಿರಲಿಲ್ಲ. ಸಂಶೋಧಕರು ಸಮುದಾಯದ ಜೊತೆ ಹೇಗೆ ನಡ್ಕೋಬೇಕು ಅಂತ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಮಾರ್ಗಸೂಚಿ ತಂದಿದ್ದು ಇದಾದ ಮೇಲೆ, 2007ರಲ್ಲಿ.

ಇನ್ನೊಂದು ದಾರಿಗೆ ದೂರ ಹೋಗೋದು ಬೇಡ. ನಮ್ಮ ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಮಿಕರದ್ದೇ ಸಂಘಟನೆ. ಟೆನೊಫೊವಿರ್ ಇರೋ ತಡೆ ಮಾತ್ರೆ ಅಲ್ಲಿಗೂ ಬಂತು. ಮೊದಲು ಹೆಣ್ಮಕ್ಕಳ ಜೊತೆ ಚರ್ಚೆ, ಆಮೇಲೆ ಮಾತ್ರೆ. ಅದನ್ನ ನಡೆಸಿದ್ದೂ ಅವರೇ.

ನಮ್ಮ ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿದವರಲ್ಲಿ ಹೆಚ್ಚಿನವರು ದಲಿತ ಹೆಣ್ಮಕ್ಕಳು. ಎಚ್‌ಐವಿ ಅಧ್ಯಯನ ಅಂದ ಕೂಡ್ಲೆ ಹುಡುಕೋದು ಅವರನ್ನೇ. ‘ಸರ್, ನಾಳೆಗೆ ಮೂವತ್ತು ಜನ ಬೇಕಿತ್ತು’ ಅಂತ ನಮ್ಮಂಥವರಿಗೆ ಫೋನ್ ಬರುತ್ತೆ. ಮದುವೆಗೆ ಕುರ್ಚಿ ಬಾಡಿಗೆ ಕೇಳ್ದಂಗೆ!

2017ರ ಎಚ್‌ಐವಿ ಕಾಯ್ದೆ ಪ್ರಕಾರ, ತಿಳಿದು ಕೊಟ್ಟ ಒಪ್ಪಿಗೆ ಇಲ್ದೆ ಸೋಂಕಿತರನ್ನ ಸಂಶೋಧನೆಗೆ ಒಳಪಡಿಸೋ ಹಾಗಿಲ್ಲ. ನಾನು ಗುಮಾಸ್ತ. ಸಹಿ ಹೇಗೆ ಬೀಳುತ್ತೆ ಅಂತ ದಿನಾ ನೋಡ್ತೀನಿ. ‘ಇಲ್ಲೊಂದು ಹಾಕಮ್ಮ’ ಅಂದ್ರೆ ಮುಗೀತು. ಅದು ಸಹಿ ಆಗುತ್ತೆ, ಒಪ್ಪಿಗೆ ಆಗಲ್ಲ.

ಅದಕ್ಕೇ ಸಂಗಾತಿಗಳಲ್ಲಿ ಒಂದು ವಿನಂತಿ. ಜನ ಒದಗಿಸೋ ಕೆಲಸ ನಿಲ್ಲಿಸೋಣ. ಮೊದಲು ಕೇಳೋಣ: ಪ್ರಶ್ನೆ ಬರೆಯುವಾಗ ಆ ಅಕ್ಕಂದಿರು ಇದ್ರಾ? ಅವರ ದಿನಗೂಲಿ ಯಾರು ಕೊಡ್ತಾರೆ? ಹೆಸರು ಹೊರಗೆ ಹೋದ್ರೆ ಹೊಣೆ ಯಾರದು? ಔಷಧಿ ಫಲ ಕೊಟ್ರೆ ಅವರಿಗೂ ಸಿಗುತ್ತಾ? ವರದಿಯನ್ನ ಕನ್ನಡದಲ್ಲಿ ಅವರ ಕೇರಿಗೆ ಬಂದು ಓದಿ ಹೇಳ್ತೀರಾ?

ಉತ್ತರ ಇದ್ರೆ ಜೊತೆಗೆ ನಿಲ್ಲೋಣ. ಸಂಶೋಧನೆ ನಮಗೆ ಬೇಕು, ನಮ್ಮ ಜೀವ ಉಳಿಸೋದೇ ಅದು. ಆದ್ರೆ ಸ್ವಾಭಿಮಾನ ಬಿಟ್ಟು ಅಲ್ಲ.

ಜೈ ಭೀಮ್.